ಆರಿಸಬಾರದ ದೀಪ

ಹೆಬ್ಬೂರು ದಾಟಿ ಕುಣಿಗಲ್ ಕಡೆಗಿನ ತಿರುವಿನಲ್ಲಿ, ಗಾಡಿ ತುಳಿದು ಕಾಳು ಉದುರಲಿ ಅಂತ ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು. ಗುಬ್ಬಿಯ ಕೊಬ್ಬರಿ ವ್ಯಾಪಾರಿ ಏಕಾಂತಯ್ಯನ ಹೊಸ ಕಾರು ಅದರ ಮೇಲೆ ಅಡ್ಡಡ್ಡ ಜಾರಿ, ಪಕ್ಕದ ಹೊಲಕ್ಕಿಳಿದು ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಏಕಾಂತಯ್ಯನ ಮಾನ ಒಂದು ಬಿಟ್ಟು.

"ರಸ್ತೆ ಏನು ನಿಮ್ಮಪ್ಪನ ಕಣವಾ?" ಹುರುಳಿ ಹರಡಿ ಮೊರ ಹಿಡಿದು ನಿಂತಿದ್ದ ನಿಂಗಮ್ಮನ ಮೇಲೆ ಎಗರಿದ.

"ಬೆಳಗಿಂದ ನೂರು ಗಾಡಿ ಹೋದೊ ಸ್ವಾಮಿ. ಮಕಾಡೆ ಬಿದ್ದಿದ್ದು ನಿಮ್ದೊಂದೇ."

"ಸ್ಟೇಷನ್ನಲ್ಲಿ ಹೇಳು ಅದನ್ನ. ಒಳಗೆ ಹಾಕಿಸ್ತೀನಿ!" ಫೋನು ತೆಗೆದ. ಅಕ್ಕಪಕ್ಕದ ತೋಟದವರು ಸೇರಿದರು.

ಏಕಾಂತಯ್ಯನ ಮಗಳು ಪಲ್ಲವಿ ಇನ್ನೂ ಕಾರಿನೊಳಗೇ ಇದ್ದಳು. ಎದುರಿಗೆ ಸಣ್ಣ ಹಳದಿ ದೀಪ: ಒಂದು ಕಾರು, ಅದರ ಹಿಂದೆ ಹಾವು ಹರಿದಂಥ ಎರಡು ಗೆರೆ. ಕಾರು ಜಾರಿದರೆ ಯಾವ ಚಕ್ರಕ್ಕೆ ಬೇಕೋ ಅದಕ್ಕಷ್ಟೇ ತಾನೇ ಬ್ರೇಕು ಹಾಕಿ, ಸ್ಟೇರಿಂಗ್ ತಿರುಗಿಸಿದ ದಿಕ್ಕಿಗೆ ಎಳೆದು ತರುವ ವ್ಯವಸ್ಥೆ ಅದು. ಇಂಜಿನ್ ಶುರುವಾದೊಡನೆ ತಾನಾಗಿ ಎಚ್ಚರವಾಗುತ್ತದೆ. ಅಪ್ಪ ದಿನಾ ವಿಭೂತಿ ಇಟ್ಟುಕೊಂಡಷ್ಟೇ ಶ್ರದ್ಧೆಯಿಂದ ಗುಂಡಿ ಒತ್ತಿ ಅದನ್ನು ಮಲಗಿಸುತ್ತಿದ್ದ. ಅದು ಮಲಗಿದೆ ಅಂತ ಎಚ್ಚರಿಸಲಿಕ್ಕೇ ಈ ಹಳದಿ ದೀಪ ಹತ್ತುವುದು. ದೀಪ ಹತ್ತಿದರೆ ಕೆಲಸ ಶುರುವಾಯಿತೆಂದು ಅವನ ನಂಬಿಕೆ. ಮೊದಲ ವಾರವೇ ಹೇಳಿದ್ದಳು. "ಉರಿಯೋ ದೀಪ ಆರಿಸು ಅಂತೀಯಲ್ಲೇ, ಇಂಜಿನಿಯರಮ್ಮ" ಅಂದು ನಕ್ಕಿದ್ದ. ಅವಳು ಸುಮ್ಮನಾಗಿದ್ದಳು. ಮನೆಯಲ್ಲಿ ಸುಮ್ಮನಿರುವುದನ್ನು ಎಲ್ಲರೂ ಒಳ್ಳೆಯ ಗುಣ ಅನ್ನುತ್ತಿದ್ದರು. ಇವತ್ತು ನಿಂಗಮ್ಮ ಚಕ್ರಕ್ಕೆ ಸಿಗದೆ ಉಳಿದದ್ದು ಎರಡು ಮಾರಿನ ಅಂತರದಲ್ಲಿ.

ಅಪ್ಪನ ಮೇಲೆಷ್ಟೋ ತನ್ನ ಮೇಲೂ ಅಷ್ಟೇ ಸಿಟ್ಟು ಹತ್ತಿ, ಬಾಗಿಲು ಒದ್ದಂತೆ ತೆಗೆದು ಇಳಿದಳು.

"ಅಪ್ಪಾಜಿ, ಫೋನಿಡಿ."

"ನೀನು ಒಳಗೆ ಕೂತ್ಕೊ."

"ಕೂತಿದ್ದೇ ತಪ್ಪಾಯ್ತು. ಹುರುಳಿ ಗಿಡದ ಮೇಲೆ ಅರವತ್ತರಲ್ಲಿ ನುಗ್ಗಿಸಿದ್ದು ನೀವು. ಜಾರದ ಹಾಗೆ ಹಿಡಿಯೋದನ್ನ ದಿನಾ ಕೈಯಾರೆ ಆಫ್ ಮಾಡ್ತಿರೋದೂ ನೀವೇ. ಈಯಮ್ಮ ರಸ್ತೇಲಿ ಹರಡಿದ್ದು ತಪ್ಪೇ, ಇಲ್ಲ ಅನ್ನಲ್ಲ. ಒಳಗೆ ಹಾಕಿಸೋದಾದ್ರೆ ನಿಮ್ಮನ್ನೂ ಸೇರಿಸಿ ನಾನೇ ದೂರು ಬರೆದುಕೊಡ್ತೀನಿ."

ಯಾರೋ ಕಿಸಕ್ಕೆಂದರು. ಏಕಾಂತಯ್ಯನ ಮುಖ ಕಪ್ಪಿಟ್ಟಿತು. ಫೋನಿನಲ್ಲಿ ಯಾರೋ ಹಲೋ ಹಲೋ ಅನ್ನುತ್ತಿದ್ದರು. ಅವನು ಕಟ್ ಮಾಡಿದ.

"ಹತ್ತು ಜನರ ಮುಂದೆ ಹೇಳ್ಬೇಕಿತ್ತೇನೇ?"

"ಒಬ್ಬರೇ ಇದ್ದಾಗ ಹೇಳಿದ್ದೆ. ಕೇಳಿದ್ರಾ?"

ಅವನು ಕಾರಿನಿಂದ ಕೀಲಿ ಕಿತ್ತು ಅವಳ ಕಾಲ ಬಳಿ ಎಸೆದು, ಹೆಬ್ಬೂರಿನ ಬಸ್ಸಿಗೆಂದು ಸರಸರ ನಡೆದ. ಪಲ್ಲವಿ ಕೀಲಿ ಎತ್ತಿಕೊಂಡು ಅವನು ಹೋದ ದಾರಿ ನೋಡಿದಳು.

"ನೋಡ್ತಾ ನಿಂತ್ಯಲ್ಲವ್ವ," ನಿಂಗಮ್ಮ ಗದರಿದಳು, "ಚಕ್ರಕ್ಕೆ ಸುತ್ಕೊಂಡಿರೋ ಗಿಡ ಕೀಳು. ಕಾಳೆಲ್ಲ ನಿನ್ ಗಾಡಿ ಕೆಳಗೇ ಐತೆ."