ಕೊಸರಿನ ಸರಾಸರಿ

ದೋನ್ಯಾ ಸೆನೋಬಿಯಾ ಕೊಡುವ ಕೊಸರನ್ನು ನಾನು ಅರವತ್ತೆರಡು ಸಲ ಅಳೆದೆ.

ಲಾ ಪಾಸ್‌ನ ಮಾರುಕಟ್ಟೆಯ ಮೇಲಂತಸ್ತಿನಲ್ಲಿ ಅವರ ಹಣ್ಣಿನ ರಸದ ಅಂಗಡಿ. ದೋನ್ಯಾ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸನ್ನು ಗೌರವದಿಂದ ಕರೆಯುವ ಮಾತು. ಗಿರಾಕಿ ಅರ್ಧ ಕುಡಿದು ಲೋಟ ಚಾಚಬೇಕು. ಮಿಕ್ಸಿ ಜಾರಿನಲ್ಲಿ ಉಳಿದದ್ದರಲ್ಲಿ ಅವರು ತಮಗೆ ತೋಚಿದಷ್ಟು ಸುರಿಯುತ್ತಾರೆ; ಅದೇ ಕೊಸರು. ಆ ಜಾರಿಗೆ ನಾನು ಮಿಲಿಲೀಟರಿನ ಗೆರೆಗಳ ಪಟ್ಟಿ ಅಂಟಿಸಿದ್ದೆ. ಪ್ರತಿ ಅಳತೆಯ ಮುಂದೆ ‘ಷರಾ’ ಎಂದೊಂದು ಕಾಲಂ. ಅದು ಪ್ರಯೋಗಾಲಯದ ಅಭ್ಯಾಸ.

ನಾನು ಇಂಜಿನಿಯರಾಗಿರುವ ಕಂಪನಿ ರಸವನ್ನು ಬಾಟಲಿಯಲ್ಲಿ ಮಾರುತ್ತದೆ. ಜಾಹೀರಾತು ನೋಡಿಕೊಳ್ಳುವ ರೊಲಾಂದೋಗೆ ಬೇಕಿದ್ದದ್ದು ಒಂದೇ ಸಂಖ್ಯೆ.

“ಸರಾಸರಿ ಹೇಳಿ, ಸಾಕು. ಷರಾ ಯಾರ್ ಓದ್ತಾರೆ?”

ಎಪ್ಪತ್ತನಾಲ್ಕು ಎಂದೆ. ಎರಡೇ ವಾರದಲ್ಲಿ ಮಾದರಿ ಬಾಟಲಿ ಬಂತು. ಮೇಲೆ ದೋನ್ಯಾ ಸೆನೋಬಿಯಾರ ನಗುಮುಖ. ಕೆಳಗೆ, ‘ನಿಮ್ಮ ಕಸೆರಾ ಕೊಡುವ ಕೊಸರು, 74 ಮಿ.ಲೀ., ಒಳಗೇ ಇದೆ.’ ನಮ್ಮಲ್ಲಿ ಖಾಯಂ ಗಿರಾಕಿಯೂ ಕಸೆರಾ, ಖಾಯಂ ಅಂಗಡಿಯಾಕೆಯೂ ಕಸೆರಾ. ಇಬ್ಬರೂ ಪರಸ್ಪರ ಕರೆದುಕೊಳ್ಳುವುದು ಹಾಗೆಯೇ. ಸುಳ್ಳೇಕೆ, ಆ ಬಾಟಲಿ ನನಗೂ ಹಿಡಿಸಿತು. ಓದುವ ದಿನಗಳಲ್ಲಿ ಆ ಕೊಸರೇ ಎಷ್ಟೋ ಸಲ ನನ್ನ ಊಟವಾಗಿತ್ತು.

ಇನ್ನು ಮುಖ ಬಳಸಲು ಅವರ ಸಹಿ ಬೇಕಿತ್ತು. ಮಂಗಳವಾರ ಬೆಳಿಗ್ಗೆ ಇಬ್ಬರೂ ಹೋದೆವು.

“ಬಾ ಕಸೆರಾ, ಇವತ್ತೂ ನನ್ ಜಾರಿಗೆ ಜ್ವರ ನೋಡೋಕ್ ಬಂದ್ಯಾ?” ಎಂದರು ದೋನ್ಯಾ ಸೆನೋಬಿಯಾ.

ರೊಲಾಂದೋ ಕಟ್ಟೆಯ ಮೇಲೆ ಕಾಗದ ಹರಡಿದ. “ಹೊಸ ಫ್ರಿಜ್ಜು, ಹೊಸ ಕಟ್ಟೆ, ಊರ್ ತುಂಬ ನಿಮ್ ಮುಖ. ಇಲ್ಲೊಂದು ಸಹಿ ಹಾಕಿ, ದೋನ್ಯಾ.”

ಅವರ ಫ್ರಿಜ್ ಕೆಟ್ಟು ಮೂರು ತಿಂಗಳಾಗಿತ್ತು. ಸಂಜೆಗೆ ಉಳಿದ ಪಪ್ಪಾಯಿಯನ್ನು ಹಂಚಿಬಿಡುತ್ತಿದ್ದರು. ಪಕ್ಕದಂಗಡಿಯ ಬಸಿಲಿಯಾಗೆ ತಡೆಯಲಾಗಲಿಲ್ಲ.

“ಹಾಕ್ಬಿಡೇ! ನಿನ್ ಮೂತಿಗೆ ಫ್ರಿಜ್ ಕೊಡ್ತಾರಂದ್ರೆ ಇನ್ನೇನ್ ಬೇಕು?”

ದೋನ್ಯಾ ಸೆನೋಬಿಯಾ ಮಾದರಿ ಬಾಟಲಿಯ ಮುಚ್ಚಳ ತಿರುಗಿಸಿ ಅರ್ಧ ಕುಡಿದರು. ಉಳಿದರ್ಧವನ್ನು ರೊಲಾಂದೋ ಮುಂದೆ ಚಾಚಿದರು.

“ಹಾಕು.”

“ಏನ್ ಹಾಕ್ಲಿ?”

“ಕೊಸರು.”

“ಅದು ಒಳಗೇ ಇತ್ತಲ್ಲ ದೋನ್ಯಾ, ಈಗ್ ತಾನೆ ಕುಡಿದ್ರಿ.”

“ಯಾರ್ ಕೊಟ್ರು? ನಾನ್ ಕೊಡ್ಲಿಲ್ಲ, ನೀನೂ ಕೊಡ್ಲಿಲ್ಲ.” ನನ್ನ ಕಡೆ ತಿರುಗಿದರು. “ಇಂಜಿನಿಯರಮ್ಮಾ, ಪುಸ್ತಕ ತೆಗಿ. ಎಲ್ಲಾರ್ಗಿಂತ ಕಮ್ಮಿ ಯಾರಿಗ್ ಹಾಕಿದೀನಿ?”

“ಹದಿನೇಳನೇದು. ಹನ್ನೆರಡು ಮಿಲಿಲೀಟರು.” ಷರಾ ಓದಿದೆ. “ಒಂದು ವಾರ ಬಸಿಲಿಯಾ ಅಂಗಡಿಯಲ್ಲಿ ಕುಡಿದು ವಾಪಸ್ ಬಂದವನು.”

“ಹನ್ನೆರಡೂ ಜಾಸ್ತಿನೇ ಆಯ್ತು ಆ ಕಳ್ಳಂಗೆ,” ಎಂದು ಬಸಿಲಿಯಾಳೇ ನಕ್ಕಳು.

“ಜಾಸ್ತಿ ಯಾರಿಗೆ?”

“ನಲವತ್ತನೇದು, ನೂರ ಅರವತ್ತು. ಅಮ್ಮನನ್ನು ಮಣ್ಣು ಮಾಡಿ ನೇರವಾಗಿ ಇಲ್ಲಿಗೆ ಬಂದ ಹುಡುಗಿ.”

“ಹಂಗಾದ್ರೆ ಎಪ್ಪತ್ನಾಕು ಯಾರಿಗ್ ಕೊಟ್ಟೆ ನಾನು?”

ಪುಟಗಳನ್ನು ಎರಡು ಸಲ ತಿರುವಿದೆ. ಎಪ್ಪತ್ತೆರಡು ಇತ್ತು, ಎಪ್ಪತ್ತಾರು ಇತ್ತು. ಎಪ್ಪತ್ತನಾಲ್ಕು ಯಾರಿಗೂ ಸಿಕ್ಕಿರಲಿಲ್ಲ.

“ಯಾರಿಗೂ ಇಲ್ಲ,” ಎಂದೆ.

“ಕೇಳಿಸ್ತೇನಪ್ಪಾ? ನಾನ್ ಯಾರಿಗೂ ಕೊಡದಿರೋದನ್ನ ನನ್ ಮುಖ ಅಂಟಿಸಿ ಊರಿಗೆಲ್ಲ ಮಾರ್ತೀಯಾ?”

ಅವರು ಕಟ್ಟೆಯ ಮೇಲಿದ್ದ ಪಪ್ಪಾಯಿ ಬೀಜವನ್ನೆಲ್ಲ ಒಪ್ಪಂದದ ಕಾಗದದೊಳಕ್ಕೆ ಬಳಿದು, ಮಡಚಿ, ಬುಟ್ಟಿಗೆ ಎಸೆದರು.

“ಫ್ರಿಜ್ಜು ಹೋಯ್ತಲ್ಲೇ!” ಎಂದಳು ಬಸಿಲಿಯಾ.

“ಹೋಗ್ಲಿ. ಕೊಸರೇನು ಒಳಗೆ ಇಟ್ಕೊಳೋ ಸಾಮಾನಾ?”

ಆಮೇಲೆ ಏನೂ ಆಗಿಲ್ಲವೆಂಬಂತೆ ಕಿತ್ತಳೆ, ಕ್ಯಾರೆಟ್ ಅರೆದು ನಮ್ಮಿಬ್ಬರಿಗೂ ಲೋಟ ತುಂಬಿಸಿದರು. ರೊಲಾಂದೋ ಮುಖ ಗಂಟಿಕ್ಕಿಕೊಂಡೇ ಕುಡಿದ. ಅವನೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು. ಅರ್ಧಕ್ಕೆ ಬಂದಾಗ ಅವನ ಕೈ ತಾನಾಗಿ ಲೋಟವನ್ನು ಚಾಚಿತು.

ದೋನ್ಯಾ ಸೆನೋಬಿಯಾ ಆ ಲೋಟವನ್ನು ನೋಡಿದರು. ಜಾರಿನಲ್ಲಿದ್ದದ್ದನ್ನೆಲ್ಲ ನನ್ನ ಲೋಟಕ್ಕೆ ಬಗ್ಗಿಸಿದರು.

“ಬರ್ಕೋ ಇಂಜಿನಿಯರಮ್ಮಾ. ಇವನಿಗೆ ಸೊನ್ನೆ.”

ಅರವತ್ತಮೂರನೆಯ ಅಳತೆ: ಸೊನ್ನೆ. ಷರಾ: ಲೋಟ ಚಾಚಿದ್ದ.

ಮರುದಿನ ಕಂಪನಿಗೆ ಕೊಟ್ಟ ವರದಿಯಲ್ಲಿ ಷರಾಗಳನ್ನೆಲ್ಲ ಒಂದೂ ಬಿಡದೆ ಟೈಪು ಮಾಡಿದೆ. ಸರಾಸರಿಯ ಜಾಗವನ್ನು ಖಾಲಿ ಬಿಟ್ಟು ಕೆಳಗೆ ನನ್ನ ಸಹಿ ಹಾಕಿದೆ.