ಸ್ಕೇರ್ಡ್ ಪದದ ಚೀಟಿ

ನಿಘಂಟು ಕಚೇರಿಯಲ್ಲಿ ಒಂದು ಕಟ್ಟಳೆ ಇತ್ತು. ಇಂಗ್ಲಿಷ್ ಪದದ ಅರ್ಥವನ್ನು ಯಾರು ಬೇಕಾದರೂ ಬರೆಯಬಹುದು, ಬಳಕೆಯ ವಾಕ್ಯವನ್ನು ಮಾತ್ರ ತಲೆಯಿಂದ ಹುಟ್ಟಿಸುವಂತಿಲ್ಲ. ಯಾರೋ ನಿಜವಾಗಿ ಆಡಿದ ಮಾತಾಗಿರಬೇಕು. ಆಡಿದವರು ಯಾರು, ಯಾವಾಗ ಎಂದು ಚೀಟಿಯ ಹಿಂದೆ ಬರೆಯಬೇಕು. ಈ ಕಟ್ಟಳೆ ಮಾಡಿದವರು ಸಂಪಾದಕರು. ಎರಡು ಮಾತಿಗೊಮ್ಮೆ ನಿಂತು ಉಸಿರೆಳೆಯುವ ಅವರಿಗೆ ಕಚೇರಿಯವರು ಇಟ್ಟ ಹೆಸರು ಅಲ್ಪವಿರಾಮ.

ಇಪ್ಪತ್ತು ವರ್ಷದಿಂದ ಅಲ್ಲಿ ಅರ್ಥ ಬರೆಯುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಇವತ್ತು ಅಕ್ಕನ ಪಾಲಿಗೆ ಉಳಿದಿದ್ದು ಒಂದೇ ಪದ: ಸ್ಕೇರ್ಡ್. ಅರ್ಥ ಸಲೀಸಾಗಿ ಬಂತು. ಹೆದರಿದ, ದಿಗಿಲುಬಿದ್ದ. ವಾಕ್ಯವೂ ಇತ್ತು, ತಂಗಿ ಆಪರೇಷನ್ನಿಗೆ ಮುಂಚೆ ಫೋನಿನಲ್ಲಿ ಆಡಿದ್ದು. ಸಂಕೋಚದ ಮಾತನ್ನೆಲ್ಲ ಇಂಗ್ಲಿಷಿನಲ್ಲಿ ಆಡುವುದು ತಂಗಿಯ ಚಾಳಿ. ಆಪರೇಷನ್ ಟೇಬಲ್ಲಿನಿಂದ ಅವಳು ಏಳಲಿಲ್ಲ.

ಅದಾಗಿ ಹದಿನೇಳು ದಿನ. ಅಕ್ಕ ಅತ್ತಿರಲಿಲ್ಲ. ಉಂಡಳು, ಬಸ್ಸು ಹಿಡಿದಳು, ಚೀಟಿ ತುಂಬಿದಳು. ಎದೆಯೊಳಗೆ ಏನೂ ಇರಲಿಲ್ಲ, ಅಳದಿದ್ದಕ್ಕೆ ನಾಚಿಕೆ ಕೂಡ ಇರಲಿಲ್ಲ. ಕಲ್ಲೆದೆಯವಳು ಎಂದರು ನೆಂಟರು. ಅವರಿಗೇನು, ನಾಲಿಗೆಗೆ ಮೂಳೆಯೇ?

ಚೀಟಿ ಕೊಡಲೋ ಬೇಡವೋ ಎಂದು ಬೆಳಗಿನಿಂದ ತೂಗಿದಳು. ಕೊಟ್ಟರೆ ತಂಗಿಯ ಕೊನೆಯ ಮಾತು ಶಾಲೆಯ ಮಕ್ಕಳ ಬಾಯಿಪಾಠವಾಗುತ್ತದೆ. ಕೊಡದಿದ್ದರೆ ಡ್ರಾಯರಿನಲ್ಲಿ ಬಿದ್ದಿರುತ್ತದೆ. ಮಧ್ಯಾಹ್ನ ಪುಟ ಅಚ್ಚಿಗೆ ಹೋಗಬೇಕಿತ್ತು. ಕೊಟ್ಟಳು.

“ಐ ಆಮ್ ಸ್ಕೇರ್ಡ್, ಅಕ್ಕಾ,” ಸಂಪಾದಕರು ಓದಿದರು. “ಇಷ್ಟೇ ಆದ್ರೆ, ಪದದ ತೂಕ ಗೊತ್ತಾಗಲ್ಲಮ್ಮಾ. ಎದುರಿಗಿದ್ದೋರು, ಏನಂದ್ರು?”

“ಫೋನಿನ ಈ ಕಡೆ ಇದ್ದೋಳು ನಾನೇ ಸಾರ್.”

“ಸರಿ, ನೀವೇನಂದ್ರಿ?”

“ಈ ಪದಕ್ಕೆ ವಾಕ್ಯ ಸಿಕ್ಕಿರಲಿಲ್ಲ ನೋಡಿ. ತಡಿ, ಇನ್ನೊಂದ್ಸಲ ಹೇಳು, ಬರ್ಕೊಳ್ತೀನಿ ಅಂದೆ.”

ಸಂಪಾದಕರು ಚೀಟಿಯನ್ನು ತಿರುಗಿಸಿದರು. ಹಿಂದೆ ತಂಗಿ ಎಂದಿತ್ತು, ತಾರೀಖು ಇತ್ತು. ಅವರು ಕನ್ನಡಕ ತೆಗೆದರು.

“ಹೇಳಿದ್ಲು ಸಾರ್,” ಅಕ್ಕ ಮುಂದುವರಿಸಿದಳು. “ನಿಧಾನವಾಗಿ, ನನ್ನ ಪೆನ್ನಿಗೆ ಸಿಗೋ ಹಾಗೆ. ಅಷ್ಟರಲ್ಲಿ ನರ್ಸು ಫೋನ್ ಇಸ್ಕೊಂಡ್ರು.”

“ಇದು ಬೇಡಮ್ಮಾ,” ಎಂದು ಅವರು ಚೀಟಿಯನ್ನು ಅವಳ ಕಡೆ ಚಾಚಿದರು. “ಒಂದು ವಾಕ್ಯ ನಾನೇ ಹುಟ್ಟಿಸಿ ಹಾಕ್ತೀನಿ.”

ಅಕ್ಕ ಕೈ ಚಾಚಲಿಲ್ಲ. ಕಣ್ಣು ಒಣಗಿಯೇ ಇತ್ತು.

“ಇದನ್ನೇ ಹಾಕಿ ಸಾರ್. ಅವಳು ಎರಡು ಸಲ ಹೇಳಿದ್ಲು. ನಾನು ಒಂದು ಸಲಾನೂ ಕೇಳಿಸ್ಕೊಳ್ಳಲಿಲ್ಲ.”