ಬೇರೆಯವಳು ಕಟ್ಟಿದ್ದು

ಆಪರೇಷನ್ ಸಾಮಾನಿನ ಕಟ್ಟಿನ ಮೇಲಿನ ಸೀಲಿನ ಅಂಚು ಚೂರು ಓರೆಯಾಗಿದೆ, ಅಷ್ಟೇ, ಓರೆಯಾದರೆ ತಪ್ಪೇನಿಲ್ಲ, ಇವತ್ತು ರಜೆ ಹಾಕಿರುವ ಜೊತೆಯವಳು ಯಾವಾಗಲೂ ಹೀಗೇ ಅಂಟಿಸುತ್ತಾಳೆ, ಒಳಗೆ ಕತ್ತರಿ ಕ್ಲಾಂಪು ಎಲ್ಲ ಸೇರಿ ನಲವತ್ತೆರಡು ಎನ್ನುತ್ತದೆ ಚೀಟಿ, ಸಹಿಯ ಜಾಗ ಮಾತ್ರ ಖಾಲಿ, ಹಾಕಿ ಅಕ್ಕಾ, ಥಿಯೇಟರ್‌ನಲ್ಲಿ ಪೇಷಂಟ್ ಕಾಯ್ತಿದಾರೆ, ಡಾಕ್ಟರು ಎರಡು ಸಲ ಫೋನ್ ಮಾಡಿದ್ರು — ಇನ್‌ಚಾರ್ಜಮ್ಮ ಬಾಗಿಲಲ್ಲೇ ನಿಂತಿದ್ದಾಳೆ, ನನ್ನ ಮಗಳ ವಯಸ್ಸು, ಆದರೆ ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅವಳ ಕೈಯಲ್ಲಿದೆ, ನಾನು ಕಟ್ಟಿದ್ದಲ್ಲಮ್ಮ ಎಂದೆ, ಅಯ್ಯೋ, ಒಳ್ಳೇ ಮಿಲಿಟರಿಯವರ ಥರ ಆಡ್ತೀರಲ್ಲ ಎಂದಳು, ಪಾಪ, ಹದಿನೆಂಟು ವರ್ಷ ಅಲ್ಲೇ ಸವೆಸಿದವಳೆಂದು ಅವಳಿಗೇನು ಗೊತ್ತು, ಯುದ್ಧ ಮಾಡಿದ್ರಾ ಎಂದು ಕೇಳುವವರಿಗೆ ಪ್ಯಾರಾಚೂಟ್ ಮಡಚುತ್ತಿದ್ದೆ ಎಂದರೆ ಮುಖ ಸಪ್ಪಗಾಗುತ್ತದೆ, ನಮ್ಮ ಯಜಮಾನರಂತೂ ಇಸ್ತ್ರಿ ರೆಜಿಮೆಂಟು ಎಂದು ಬದುಕಿದ್ದಷ್ಟು ದಿನ ಆಡಿಕೊಂಡರು, ಇಸ್ತ್ರಿಯಂತೆ! ಉದ್ದನೆಯ ಮೇಜು, ಇಪ್ಪತ್ತೆಂಟು ಹಗ್ಗ, ಬಟ್ಟೆ ಜಾರದ ಹಾಗೆ ಮೇಲಿಡುವ ಐದು ಮರಳುಚೀಲ, ಕಟ್ಟುವ ಮುಂಚೆ ಐದನ್ನೂ ತೆಗೆದಿರಬೇಕು, ಒಂದು ಒಳಗುಳಿದರೂ ಪ್ಯಾರಾಚೂಟ್ ಬಿಚ್ಚಿಕೊಳ್ಳುವ ಭರವಸೆಯಿಲ್ಲ, ಕಡೆಗೆ ಸಹಿ, ಸಹಿ ಹಾಕಿದವಳು ಯಾವತ್ತು ಹೇಳಿದರೂ ಅದನ್ನೇ ಬೆನ್ನಿಗೇರಿಸಿಕೊಂಡು ಹಾರಬೇಕು, ಸಾಹೇಬರು ಕಪಾಟಿನ ಮುಂದೆ ನಿಂತು ಬೆರಳು ತೋರಿಸಿದರೆ ಮುಗಿಯಿತು, ಹಾಗಾಗಿ ಯಾರೂ ಮೈಗಳ್ಳತನ ಮಾಡುತ್ತಿರಲಿಲ್ಲ.

ಆಗೊಮ್ಮೆ ಬ್ಯಾರಕ್ಕಿನಲ್ಲಿ ನನ್ನ ಪಕ್ಕದ ಮಂಚದವಳಿಗೆ ಜ್ವರ, ಪ್ಯಾರಾಚೂಟ್ ಹೇಗೋ ಕಟ್ಟಿದ್ದಾಳೆ, ಪೆನ್ನು ಹಿಡಿಯೋಕೂ ಆಗ್ತಿಲ್ಲ ಕಣೇ, ನೀನೇ ಹಾಕ್ಬಿಡೇ, ಹಾಕಿದೆ, ಬಿಚ್ಚಿ ನೋಡಲಿಲ್ಲ, ನೋಡಿದರೆ ಅವಳನ್ನು ನಂಬಲಿಲ್ಲವೆಂದಾಗುತ್ತದಲ್ಲ, ಮಾರನೆಯ ದಿನ ಸಾಹೇಬರ ಬೆರಳು ಸೀದಾ ಅದರ ಮೇಲೆಯೇ — ಬಾಯಿ ಬಿಟ್ಟರೆ ಇಬ್ಬರೂ ಮನೆಗೆ, ಬಾಯಿ ಮುಚ್ಚಿಕೊಂಡು ಹಾರಿದೆ, ಹೆದರಿದ್ದೆ, ವಿಮಾನದ ಬಾಗಿಲಲ್ಲಿ ಅಮ್ಮನ ಹೆಸರು ಕೂಡ ನೆನಪಾಗಲಿಲ್ಲ, ಬಿಚ್ಚಿಕೊಂಡಿತು, ಚೆನ್ನಾಗಿಯೇ ಬಿಚ್ಚಿಕೊಂಡಿತು, ಅಕ್ಕಾ, ಪೆನ್ನು ಬೇಕಾ, ಬೇಡಮ್ಮ, ಎಂದು ಉಗುರು ಹಾಕಿ ಸೀಲು ಹರಿದೇಬಿಟ್ಟೆ, ಅಯ್ಯಯ್ಯೋ ಏನ್ ಮಾಡಿದ್ರಿ, ಈಗ ಮತ್ತೆ ಸ್ಟೀಮಿಗೆ ಹಾಕ್ಬೇಕು, ಮುಕ್ಕಾಲು ಗಂಟೆ, ಡಾಕ್ಟರಿಗೆ ನೀವೇ ಹೇಳ್ಕೊಳ್ಳಿ, ಮುಂದಿನ ವರ್ಷದ ಮಾತು ಮರ್ತುಬಿಡಿ, ಆಯಿತಮ್ಮ, ಕತ್ತರಿ ಆರು, ಚಿಮುಟ ಎಂಟು, ಕ್ಲಾಂಪು ಒಂದೊಂದನ್ನೇ ಬಟ್ಟೆಯ ಮೇಲಿಡುತ್ತೇನೆ, ನಲವತ್ತು, ನಲವತ್ತೊಂದು, ನಲವತ್ತೆರಡು, ನೋಡಿದ್ರಾ, ಸುಮ್ನೆ ಎಲ್ಲರ ಪ್ರಾಣ ತಿಂದ್ರಿ, ಹೌದು, ಎಲ್ಲ ಸರಿಯಾಗಿದೆ, ಅವತ್ತಿನ ಆ ಪ್ಯಾರಾಚೂಟೂ ಸರಿಯಾಗಿಯೇ ಇತ್ತು, ಆದರೂ ಸಹಿ ಎಂದಾಗಲೆಲ್ಲ ಅವಳೇ ಬರುತ್ತಾಳೆ, ನಲವತ್ತು ವರ್ಷದಿಂದ ಬರುತ್ತಿದ್ದಾಳೆ, ಜ್ವರದ ಹಾಸಿಗೆಯಿಂದೆದ್ದು ಮೈದಾನದುದ್ದಕ್ಕೂ ಓಡಿ, ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ನಾನು ಜೀವಂತ ನಿಂತಿದ್ದೇನೆ, ಹಿಂದೆ ಬಟ್ಟೆಯೆಲ್ಲ ಅಗಲವಾಗಿ ಹರಡಿಕೊಂಡು ಬಿದ್ದಿದೆ, ಅದನ್ನು ನೋಡುತ್ತಲೇ ಕೇಳುತ್ತಾಳೆ, ಬಿಚ್ಕೊಂಡಿತೇನೇ — ಒಂದು ಬೂಟು, ಒಂದು ಬರಿಗಾಲು — ಬಿಚ್ಕೊಂಡಿತೇನೇ